ಮತಗಟ್ಟೆಗಳ ಷೆರೀಫ್ ವಿಲಿಯಂ ಬೂತ್‌ಬಿ

ಚುನಾವಣೆ ಬಂತೆಂದರೆ ನಮ್ಮ ಸರಕಾರಿ ಶಾಲೆಗಳ ಕೊಠಡಿಗಳು ಒಂದು ದಿನದ ಮಟ್ಟಿಗೆ ಮತಗಟ್ಟೆಗಳಾಗುತ್ತವೆ. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯುವಂತಾಗಬಾರದು ಎಂಬುದು ನಮ್ಮ ದೇಶದ ಚುನಾವಣಾ ಆಯೋಗ ಪಾಲಿಸುತ್ತಾ ಬಂದಿರುವ ನಿಯಮ. ಹಕ್ಕು ಕಾಗದದಲ್ಲಿದ್ದು ಮತಗಟ್ಟೆ ಮೂರು ದಿನದ ದಾರಿಯಲ್ಲಿದ್ದರೆ ಆ ಹಕ್ಕಿಗೆ ಬೆಲೆಯೇನು? ಈ ಪ್ರಶ್ನೆಯನ್ನು ತನ್ನ ದುಡಿಮೆಯ ಜೀವನದುದ್ದಕ್ಕೂ ಎದುರಿಸಿದ ಒಬ್ಬ ಅಧಿಕಾರಿಯ ಪರಿಚಯವನ್ನು ಇಲ್ಲಿ ಮಾಡಿಕೊಡಲಾಗಿದೆ. ಅವರು ದಕ್ಷಿಣ ಆಸ್ಟ್ರೇಲಿಯಾದ ವಿಲಿಯಂ ರಾಬಿನ್ಸನ್ ಬೂತ್‌ಬಿ. ನಾವು ದಿನನಿತ್ಯ ಹೇಳುವ ಬೂತ್ ಎಂಬ ಮಾತಿಗೂ ಅವರ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಹೆಸರು ಅವರ ಕೆಲಸಕ್ಕೆ ಚೆನ್ನಾಗಿಯೇ ಒಪ್ಪಿದೆ!

ಬೂತ್‌ಬಿಯವರು ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ಬೆಂಜಮಿನ್ ಬೂತ್‌ಬಿ ವಕೀಲರಾಗಿದ್ದರು. ದಕ್ಷಿಣ ಆಸ್ಟ್ರೇಲಿಯಾದ ಸುಪ್ರೀಂ ಕೋರ್ಟಿಗೆ ನ್ಯಾಯಾಧೀಶರಾಗಿ ನೇಮಕಗೊಂಡಾಗ ದೊಡ್ಡ ಸಂಸಾರವನ್ನು ಕಟ್ಟಿಕೊಂಡು 1853ರಲ್ಲಿ ಅಡಿಲೇಡ್ ನಗರಕ್ಕೆ ಬಂದಿಳಿದರು. ಹಿರಿಯ ಮಗ ವಿಲಿಯಂ ಆಗ ಇಪ್ಪತ್ತಮೂರರ ಹರೆಯದ ತರುಣ. ವಸಾಹತು ಸ್ಥಾಪನೆಯಾದದ್ದು 1836ರಲ್ಲಿ, ಅಂದರೆ ಇವರು ಬರುವಾಗ ಅದಕ್ಕೆ ಇನ್ನೂ ಹದಿನೇಳೇ ವರ್ಷ. ಮರುವರ್ಷವೇ ಅವರು ಉಪ ಷೆರೀಫ್ ಆದರು. 1856ರಲ್ಲಿ ಷೆರೀಫ್ ಹುದ್ದೆಯೂ ಅದರ ಜೊತೆಗೆ ಇಡೀ ಪ್ರಾಂತದ ಚುನಾವಣಾಧಿಕಾರಿಯ ಹುದ್ದೆಯೂ ಅವರ ಪಾಲಿಗೆ ಬಂದವು. ನಲವತ್ತೇಳು ವರ್ಷಗಳ ನಂತರ ತೀರಿಕೊಳ್ಳುವವರೆಗೂ ಅವರು ಆ ಕುರ್ಚಿಯನ್ನು ಬಿಡಲಿಲ್ಲ.

ಷೆರೀಫ್ ಎಂದರೆ ನ್ಯಾಯಾಲಯದ ಆದೇಶಗಳನ್ನು ಜಾರಿಗೊಳಿಸುವ ಅಧಿಕಾರಿ. ಸೆರೆಮನೆಗಳ ಉಸ್ತುವಾರಿಯೂ, ಮರಣದಂಡನೆಯನ್ನು ನೆರವೇರಿಸುವ ಹೊಣೆಯೂ ಅವರದೇ. ಕೈದಿಗಳನ್ನು ಎಣಿಸುವ ಅದೇ ಕೈ ಮತಗಳನ್ನೂ ಎಣಿಸಬೇಕಾಗಿತ್ತು ಎಂಬುದು ಇಂದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಅಂದಿನ ಇಂಗ್ಲಿಷ್ ಪದ್ಧತಿಯಲ್ಲಿ ಚುನಾವಣೆ ನಡೆಸುವುದು ಹಿಂದಿನಿಂದಲೂ ಷೆರೀಫರ ಕೆಲಸವೇ ಆಗಿತ್ತು.

ಅವರು ಅಧಿಕಾರ ವಹಿಸಿಕೊಂಡ ಕಾಲವೂ ಸಾಮಾನ್ಯದ್ದಲ್ಲ. ಅದುವರೆಗಿನ ಚುನಾವಣೆಗಳಲ್ಲಿ ಯಾರು ಯಾರಿಗೆ ಮತ ಕೊಟ್ಟರೆಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಧಣಿಯ ಎದುರು ಆಳು, ಸಾಲ ಕೊಟ್ಟವನ ಎದುರು ಸಾಲಗಾರ ತನ್ನ ಮನಸ್ಸಿನಂತೆ ನಡೆಯುವುದು ಕಷ್ಟವಾಗಿತ್ತು. 1856ರಲ್ಲಿ ಮೊದಲು ವಿಕ್ಟೋರಿಯಾ, ಅದಾದ ಎರಡೇ ವಾರಗಳಲ್ಲಿ ದಕ್ಷಿಣ ಆಸ್ಟ್ರೇಲಿಯಾ ಗುಪ್ತ ಮತದಾನದ ಕಾಯಿದೆಯನ್ನು ಜಾರಿಗೆ ತಂದವು. ದಕ್ಷಿಣ ಆಸ್ಟ್ರೇಲಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಪ್ಪತ್ತೊಂದು ತುಂಬಿದ ಎಲ್ಲ ಗಂಡಸರಿಗೂ ಆಸ್ತಿಯ ಷರತ್ತಿಲ್ಲದೆ ವಿಧಾನಸಭೆಗೆ ಮತ ಹಾಕುವ ಹಕ್ಕು ಕೊಟ್ಟಿತು. ವಿಕ್ಟೋರಿಯಾದಲ್ಲಿ ಮತದಾರ ತನಗೆ ಬೇಡವಾದವರ ಹೆಸರುಗಳನ್ನು ಗೆರೆ ಎಳೆದು ಹೊಡೆದುಹಾಕಬೇಕಿತ್ತು. ಬೂತ್‌ಬಿಯವರು ಇದನ್ನು ತಿರುಗಿಸಿದರು. ಪ್ರತಿ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ ಒಂದು ಚಿಕ್ಕ ಚೌಕ, ಬೇಕಾದವರ ಚೌಕದಲ್ಲಿ ಒಂದು ಅಡ್ಡ ಗುರುತು, ಅಷ್ಟೇ. ಓದು ಬರಹ ಹೆಚ್ಚು ಬಾರದವನೂ ಹೆಸರಿನ ಗುರುತು ಹಿಡಿದು ಗೀಟು ಹಾಕಬಹುದಾಗಿತ್ತು, ಎಣಿಸುವವರಿಗೂ ತಕರಾರು ಕಡಿಮೆ. ಅನೇಕ ದೇಶಗಳು ಮುಂದೆ ಅನುಸರಿಸಿದ ಪದ್ಧತಿ ಇದೇ. ನಮ್ಮಲ್ಲಿ 1951-52ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಡಲಾಗಿತ್ತು. ಒಂದೇ ಕಾಗದದ ಮೇಲೆ ಗುರುತು ಹಾಕುವ ಕ್ರಮ ಸಾರ್ವತ್ರಿಕ ಚುನಾವಣೆಗೆ ಬಂದದ್ದು 1962ರಲ್ಲಿ.

ಬೂತ್‌ಬಿಯವರ ಹೆಸರು ಹೇಳುವವರು ಸಾಮಾನ್ಯವಾಗಿ ಈ ಮತಪತ್ರದ ವಿಷಯದಲ್ಲಿಯೇ ನಿಂತುಬಿಡುತ್ತಾರೆ. ನನ್ನ ಮಟ್ಟಿಗೆ ಅವರ ಕಷ್ಟದ ಕೆಲಸ ಬೇರೆಯೇ ಇತ್ತು. ಮತಪತ್ರವನ್ನು ಒಮ್ಮೆ ರೂಪಿಸಿದರೆ ಮುಗಿಯಿತು. ಮತಗಟ್ಟೆಯ ವಿಷಯ ಹಾಗಲ್ಲ. ಅದು ಪ್ರತಿ ಚುನಾವಣೆಗೂ ಹೊಸ ತಲೆನೋವು.

1857ರ ಮಾರ್ಚಿನಲ್ಲಿ ಹೊಸ ವಿಧಾನಸಭೆಯ 36 ಸ್ಥಾನಗಳಿಗೆ ಮೊದಲ ಚುನಾವಣೆ ನಡೆಯಿತು. ಕ್ಷೇತ್ರಗಳು 17. ಇದಲ್ಲದೆ ಮೇಲ್ಮನೆಗೆ ಇಡೀ ವಸಾಹತೇ ಒಂದು ಕ್ಷೇತ್ರ, 1882ರವರೆಗೂ ಅದೇ ಏರ್ಪಾಡು. 1861ರ ಜನಗಣತಿಯಲ್ಲಿ ಜನಸಂಖ್ಯೆ 1,26,830. ಇಂದಿನ ನಮ್ಮ ಒಂದು ಸಾಧಾರಣ ಪಟ್ಟಣದಷ್ಟು ಜನ. ಆದರೆ ಆ ಜನ ಹರಡಿಕೊಂಡಿದ್ದ ನೆಲ ಇಡೀ ಕರ್ನಾಟಕದ ಹಲವು ಪಟ್ಟು! ಅಡಿಲೇಡಿನ ಸುತ್ತ ಹೊಲಗಳು, ಉತ್ತರಕ್ಕೆ ತಾಮ್ರದ ಗಣಿಗಳು, ಅದರಾಚೆ ಕುರಿ ಮೇಯಿಸುವ ಬಯಲುಗಳು, ಅಲ್ಲಿಂದ ಮುಂದೆ ಮರುಭೂಮಿ.

ಮತಗಟ್ಟೆ ಎಲ್ಲಿರಬೇಕೆಂಬುದನ್ನು ಗವರ್ನರರು ತಮ್ಮ ಕಾರ್ಯಕಾರಿ ಮಂಡಳಿಯ ಸಲಹೆಯಂತೆ ಘೋಷಿಸುತ್ತಿದ್ದರು, ಸರಕಾರಿ ಗೆಜೆಟ್ಟಿನಲ್ಲಿ ಪ್ರಕಟವಾಗುತ್ತಿತ್ತು. ರದ್ದು ಮಾಡುವುದೂ, ಒಂದರ ಬದಲು ಇನ್ನೊಂದನ್ನು ಗೊತ್ತುಪಡಿಸುವುದೂ ಹಾಗೆಯೇ. ಘೋಷಣೆ ಗವರ್ನರರದಾದರೂ ಅಲ್ಲಿ ಚುನಾವಣೆ ನಡೆಸಿ ತೋರಿಸಬೇಕಾದದ್ದು ಚುನಾವಣಾ ಸಿಬ್ಬಂದಿ. ಪ್ರತಿ ಮತಗಟ್ಟೆಗೂ ಒಬ್ಬ ನಂಬಿಗಸ್ತ ಅಧಿಕಾರಿ, ಬೀಗ ಹಾಕಿದ ಪೆಟ್ಟಿಗೆ, ಮತದಾರರ ಪಟ್ಟಿಯ ಒಂದು ಪ್ರತಿ, ಮರೆಯಲ್ಲಿ ಗುರುತು ಹಾಕಲು ಬೇಕಾದ ಕಟ್ಟೆ, ಇಷ್ಟೂ ಆಗಬೇಕು. ರೈಲಿಲ್ಲದ ಕಡೆ ಇವೆಲ್ಲ ಕುದುರೆಯ ಮೇಲೆಯೋ ಗಾಡಿಯಲ್ಲಿಯೋ ಹೋಗಬೇಕು, ಮತ ತುಂಬಿದ ಪೆಟ್ಟಿಗೆ ಹಾಗೆಯೇ ಹಿಂದಿರುಗಬೇಕು.

ಇಷ್ಟಾದರೂ ಗೊತ್ತುಪಡಿಸಿದ ಜಾಗ ಬಹುಕಾಲ ಸರಿಹೊಂದುತ್ತಿರಲಿಲ್ಲ, ಏಕೆಂದರೆ ಊರುಗಳೇ ಸ್ಥಳ ಬದಲಿಸುತ್ತಿದ್ದವು. 1845ರಲ್ಲಿ ಆರಂಭವಾದ ಬರ‍್ರಾ ತಾಮ್ರದ ಗಣಿ ಒಂದು ಕಾಲಕ್ಕೆ ವಸಾಹತಿನ ಬೆನ್ನೆಲುಬು. 1877ರಲ್ಲಿ ಅದು ಮುಚ್ಚಿತು. ಅಷ್ಟರಲ್ಲಿ ಯಾರ್ಕ್ ಪರ್ಯಾಯದ್ವೀಪದ ವಾಲರೂ, ಮೂಂಟಾಗಳಲ್ಲಿ ಹೊಸ ತಾಮ್ರ ಸಿಕ್ಕಿ, ಬರಿಯ ಪೊದೆಗಳಿದ್ದ ಜಾಗದಲ್ಲಿ ಸಾವಿರಾರು ಗಣಿ ಕಾರ್ಮಿಕರು ನೆಲೆಸಿದ್ದರು. 1865ರ ಬರದ ನಂತರ ಭೂಮಾಪನ ಮುಖ್ಯಾಧಿಕಾರಿ ಜಾರ್ಜ್ ಗಾಯ್ಡರ್ ಅವರು ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಅದರಿಂದ ಉತ್ತರಕ್ಕೆ ಬೇಸಾಯ ನಂಬುವಂತಿಲ್ಲ ಎಂದು ಎಚ್ಚರಿಸಿದ್ದರು. 1870ರ ದಶಕದಲ್ಲಿ ಒಳ್ಳೆಯ ಮಳೆ ಬಂದದ್ದೇ ತಡ, ಗೋಧಿ ಬೆಳೆಯುವವರು ಗೆರೆ ದಾಟಿ ಹೋದರು. ಹೊಸ ಪೇಟೆಗಳು ಎದ್ದವು. 1880ರ ನಂತರ ಮತ್ತೆ ಬರ ಬಿದ್ದಾಗ ಆ ಪೇಟೆಗಳಲ್ಲಿ ಎಷ್ಟೋ ಗೋಡೆಗಳು ಮಾತ್ರ ಉಳಿದವು. ಜನ ಹೋದ ಕಡೆ ಮತಗಟ್ಟೆ ಹೋಗಬೇಕು, ಜನ ಬಿಟ್ಟ ಕಡೆ ಅದನ್ನು ಎತ್ತಬೇಕು. ಆದರೆ ಎತ್ತಿದ ಊರಿನಲ್ಲಿ ಇನ್ನೂ ಹತ್ತು ಮನೆಗಳಿದ್ದರೆ ಅವರ ಗತಿ?

ಹಾಗಾದರೆ ಹತ್ತು ಮನೆಗೊಂದು ಮತಗಟ್ಟೆ ಇಟ್ಟುಬಿಡಬಹುದಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಖರ್ಚಿನ ಮಾತು ಹಾಗಿರಲಿ, ಗುಪ್ತ ಮತದಾನಕ್ಕೇ ಅದರಿಂದ ಕುತ್ತು. ಒಂದು ಪೆಟ್ಟಿಗೆಯಲ್ಲಿ ಬರೀ ಎಂಟು ಮತಗಳಿದ್ದು ಎಂಟೂ ಒಬ್ಬನಿಗೇ ಬಿದ್ದಿದ್ದರೆ ಗುಟ್ಟು ಉಳಿಯುವುದೆಲ್ಲಿಂದ? ಕುರಿ ಸಾಕುವ ದೊಡ್ಡ ಒಡೆಯನ ಜಮೀನಿನಲ್ಲಿಯೇ ಮತಗಟ್ಟೆ ಇಟ್ಟರೆ ಅವನ ಆಳುಗಳಿಗೆ ಅನುಕೂಲ, ಆದರೆ ಒಡೆಯನ ಕಣ್ಣು ಮೇಲಿರುತ್ತದೆ. ದೂರ ಇಟ್ಟರೆ ಆಳಿಗೆ ಒಂದು ದಿನದ ಕೂಲಿ ಹೋಗುತ್ತದೆ. ಕ್ಷೇತ್ರದ ಯಾವ ಮತಗಟ್ಟೆಯಲ್ಲಾದರೂ ಮತ ಹಾಕಬಹುದೆಂದರೆ ಒಬ್ಬನೇ ಎರಡು ಕಡೆ ಹಾಕುವ ಭಯ. ಆದ್ದರಿಂದಲೇ ಬಂದವನನ್ನು ಈಗಾಗಲೇ ಮತ ಹಾಕಿದ್ದೀಯಾ ಎಂದು ವಿಚಾರಿಸುವ ಕ್ರಮವಿತ್ತು. ಹೀಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಾಲದೆ ಬರುವ ಕಂಬಳಿಯಂತಹ ಕೆಲಸ ಇದು.

ಇದರ ನಡುವೆ ಅವರ ಮನೆಯಲ್ಲೇ ಒಂದು ತೊಡಕಿತ್ತು. ತಂದೆ ನ್ಯಾಯಾಧೀಶ ಬೂತ್‌ಬಿಯವರಿಗೆ ವಸಾಹತಿನ ಶಾಸನಸಭೆ ಮಾಡಿದ ಕಾನೂನುಗಳಲ್ಲಿ ನಂಬಿಕೆಯೇ ಇರಲಿಲ್ಲ. ಇಂಗ್ಲೆಂಡಿನ ಕಾನೂನಿಗೆ ಹೊಂದದು ಎಂದು ಒಂದರ ಮೇಲೊಂದನ್ನು ಅಸಿಂಧು ಎನ್ನುತ್ತಾ ಹೋದರು. ಆ ಸಂದೇಹದ ನೆರಳು ಚುನಾವಣಾ ಕಾಯಿದೆಯ ಮೇಲೂ ಬಿತ್ತು. ಮಗ ಯಾವ ಕಾಯಿದೆಯ ಮೇಲೆ ನಿಂತು ಚುನಾವಣೆ ನಡೆಸುತ್ತಿದ್ದರೋ ಅದರ ಅಡಿಗಲ್ಲನ್ನೇ ತಂದೆಯ ಪೀಠ ಅಲುಗಾಡಿಸುತ್ತಿತ್ತು! ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟು 1865ರಲ್ಲಿ ವಸಾಹತುಗಳ ಕಾನೂನುಗಳಿಗೆ ಮಾನ್ಯತೆ ನೀಡುವ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. 1867ರಲ್ಲಿ ತಂದೆಯನ್ನು ಹುದ್ದೆಯಿಂದ ತೆಗೆಯಲಾಯಿತು, ಮರುವರ್ಷ ಅವರು ತೀರಿಕೊಂಡರು. ಮಗ ಅದೇ ಸರಕಾರದ ಸೇವೆಯಲ್ಲಿ ಮುಂದುವರಿದರು.

1894ರ ಡಿಸೆಂಬರಿನಲ್ಲಿ ದಕ್ಷಿಣ ಆಸ್ಟ್ರೇಲಿಯಾ ಹೆಂಗಸರಿಗೂ ಮತದಾನದ ಹಕ್ಕು ಕೊಟ್ಟಿತು, ಚುನಾವಣೆಗೆ ನಿಲ್ಲುವ ಹಕ್ಕನ್ನೂ ಕೊಟ್ಟಿತು. ಈ ಕಾಯಿದೆಯಲ್ಲಿ ಅಷ್ಟಾಗಿ ಯಾರೂ ಗಮನಿಸದ ಒಂದು ಅಂಶವಿದೆ. ಹತ್ತಿರದ ಮತಗಟ್ಟೆಯಿಂದ ಮೂರು ಮೈಲಿಗಿಂತ ದೂರ ವಾಸಿಸುವ ಹೆಂಗಸು, ಅಥವಾ ಆರೋಗ್ಯದ ಕಾರಣದಿಂದ ಬರಲಾಗದವಳು, ಪ್ರಮಾಣಪತ್ರ ಪಡೆದು ಮತಗಟ್ಟೆಗೆ ಬಾರದೆಯೇ ಮತ ಹಾಕಬಹುದಾಗಿತ್ತು. ಮತಗಟ್ಟೆ ಮತದಾರಳ ಬಳಿ ಹೋಗಲಾರದೆ ಇದ್ದಾಗ ಕಾಗದವಾದರೂ ಹೋಗಲಿ ಎಂಬ ಏರ್ಪಾಡು ಇದು. ಹೆಂಗಸರು ಎಲ್ಲಿ ಬರುತ್ತಾರೆ ಎಂದು ಹೇಳುತ್ತಿದ್ದವರ ಬಾಯಿ 1896ರ ಏಪ್ರಿಲ್ 25ರಂದು ಮುಚ್ಚಿತು. ಮತ ಹಾಕಿದ ಹೆಂಗಸರ ಪ್ರಮಾಣ ಗಂಡಸರಿಗೆ ಸರಿಸಮನಾಗಿತ್ತು. ಅಂದು ಬೂತ್‌ಬಿಯವರಿಗೆ ಅರವತ್ತಾರು ವರ್ಷ.

ಮತಗಟ್ಟೆಯ ಬೆಲೆ ಏನೆಂದು ತಿಳಿಯಲು ಪಾಯಿಂಟ್ ಮೆಕ್ಲೇ ಎಂಬ ಹಳ್ಳಿಯನ್ನು ನೋಡಬೇಕು. ಅಲೆಕ್ಸಾಂಡ್ರಿನಾ ಸರೋವರದ ದಂಡೆಯ ಈ ಮಿಷನ್ ಹಳ್ಳಿಯನ್ನು 1859ರಲ್ಲಿ ಜಾರ್ಜ್ ಟಾಪ್ಲಿನ್ ಎಂಬವರು ಅಲ್ಲಿನ ಮೂಲನಿವಾಸಿಗಳಾದ ನರಿಂಡ್ಜೆರಿ ಜನರ ನಡುವೆ ಸ್ಥಾಪಿಸಿದರು. 1856ರ ಕಾನೂನು ಮೂಲನಿವಾಸಿ ಗಂಡಸರನ್ನು ಹೊರಗಿಟ್ಟಿರಲಿಲ್ಲ. ಅವರೂ ಬ್ರಿಟಿಷ್ ಪ್ರಜೆಗಳೇ ಆಗಿದ್ದರು. ಆದರೆ ಹಕ್ಕಿದೆ ಎಂದು ಅವರಿಗೆ ಹೇಳಿದವರು ಕಡಿಮೆ, ಪಟ್ಟಿಗೆ ಸೇರಿಸಿದವರು ಇನ್ನೂ ಕಡಿಮೆ. 1890ರ ದಶಕದಲ್ಲಿ ಪಾಯಿಂಟ್ ಮೆಕ್ಲೇಯಲ್ಲಿಯೇ ಒಂದು ಮತಗಟ್ಟೆ ಗೊತ್ತಾಯಿತು. ಆಗ ಅಲ್ಲಿನ ಗಂಡಸರೂ ಹೆಂಗಸರೂ ಬಂದು ಮತ ಹಾಕಿದರು. ನಲವತ್ತು ವರ್ಷ ಕಾಗದದಲ್ಲಿದ್ದ ಹಕ್ಕು ಕೈಗೆ ಬಂದದ್ದು ಊರಿಗೆ ಪೆಟ್ಟಿಗೆ ಬಂದ ದಿನ. ಬ್ರಿಟನ್ನಿನ ಹೆಂಗಸರಿಗೆ ಪಾರ್ಲಿಮೆಂಟಿಗೆ ಮತ ಹಾಕುವ ಅವಕಾಶ ಸಿಕ್ಕಿದ್ದು 1918ರಲ್ಲಿ. ನರಿಂಡ್ಜೆರಿ ಹೆಂಗಸರು ಅದಕ್ಕೂ ಎರಡು ದಶಕ ಮೊದಲೇ ತಮ್ಮ ಶಾಸನಸಭೆಗೆ ಮತ ಹಾಕಿಯಾಗಿತ್ತು. ಇದೇ ಹಳ್ಳಿಯಲ್ಲಿ ಹುಟ್ಟಿದ ಡೇವಿಡ್ ಯುನೈಪಾನ್ ಎಂಬ ಲೇಖಕ ಹಾಗೂ ಸಂಶೋಧಕರ ಚಿತ್ರ ಆಸ್ಟ್ರೇಲಿಯಾದ ಐವತ್ತು ಡಾಲರ್ ನೋಟಿನ ಮೇಲಿದೆ. ಹಳ್ಳಿಯ ಇಂದಿನ ಹೆಸರು ರೌಕನ್.

ಅದೇ ಕಾಲದಲ್ಲಿ ಉತ್ತರದ ಮರುಭೂಮಿಯಲ್ಲಿ ಇನ್ನೊಂದು ಜನಸಮುದಾಯವಿತ್ತು. 1866ರಿಂದ ಕರಾಚಿಯ ಕಡೆಯಿಂದ ಒಂಟೆಗಳನ್ನೂ ಅವುಗಳನ್ನು ನಡೆಸುವವರನ್ನೂ ಕರೆತರಲಾಗಿತ್ತು. ಅಫ್ಘಾನರೆಂದು ಕರೆಯುತ್ತಿದ್ದರೂ ಅವರಲ್ಲಿ ಬಲೂಚಿಗಳು, ಪಂಜಾಬಿಗಳು, ಸಿಂಧಿಗಳು ಎಲ್ಲರೂ ಇದ್ದರು, ಹೆಚ್ಚಿನವರು ಮುಸಲ್ಮಾನರು. ರೈಲು ಮುಟ್ಟದ ಕಡೆ ಉಣ್ಣೆ, ಹಿಟ್ಟು, ಟೆಲಿಗ್ರಾಫ್ ಸಾಮಾನು ಸಾಗಿಸಿದ್ದು ಅವರ ಒಂಟೆಗಳೇ. ಅಡಿಲೇಡಿನಲ್ಲಿ 1888-89ರಲ್ಲಿ ಅವರು ಕಟ್ಟಿಸಿದ ಮಸೀದಿ ಇಂದಿಗೂ ಇದೆ. ಬೇರೆ ಊರುಗಳ ಉಣ್ಣೆ ಹಿಟ್ಟಿನ ಜೊತೆ ನಾಡನ್ನು ಹೆಣೆದ ಈ ಜನರಲ್ಲಿ ಮತಗಟ್ಟೆಯ ಒಳಗೆ ಕಾಲಿಟ್ಟವರು ವಿರಳ.

ಬೂತ್‌ಬಿಯವರ ಕೊನೆಯ ವರ್ಷಗಳು ವಿಶ್ರಾಂತಿಯವಲ್ಲ. 1897ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಒಕ್ಕೂಟ ಸಂವಿಧಾನ ರಚಿಸುವ ಸಭೆಗೆ ಹತ್ತು ಪ್ರತಿನಿಧಿಗಳ ಚುನಾವಣೆ ನಡೆಯಿತು, ಇಡೀ ವಸಾಹತೇ ಒಂದು ಕ್ಷೇತ್ರ. ಲೇಖಕಿ ಕ್ಯಾಥರಿನ್ ಹೆಲೆನ್ ಸ್ಪೆನ್ಸ್ ಅದರಲ್ಲಿ ಸ್ಪರ್ಧಿಸಿ ಆ ದೇಶದ ಮೊದಲ ಮಹಿಳಾ ಅಭ್ಯರ್ಥಿ ಎನಿಸಿದರು, ಗೆಲ್ಲಲಿಲ್ಲ. 1901ರ ಮಾರ್ಚ್ 30ರಂದು ಹೊಸ ಒಕ್ಕೂಟದ ಪಾರ್ಲಿಮೆಂಟಿಗೆ ಮೊದಲ ಚುನಾವಣೆ. ದಕ್ಷಿಣ ಆಸ್ಟ್ರೇಲಿಯಾದಿಂದ ಕೆಳಮನೆಗೆ ಏಳು ಸದಸ್ಯರು, ಮತ್ತೆ ಒಂದೇ ಕ್ಷೇತ್ರ. ಪಾಯಿಂಟ್ ಮೆಕ್ಲೇಯವರು ಆ ಸಲವೂ ಮತ ಹಾಕಿದರು.

ಮರುವರ್ಷ, 1902ರಲ್ಲಿ, ಅದೇ ಪಾರ್ಲಿಮೆಂಟು ಹೊಸ ಮತದಾನ ಕಾಯಿದೆ ಮಾಡಿ ದೇಶದ ಎಲ್ಲ ಬಿಳಿಯ ಹೆಂಗಸರಿಗೂ ಹಕ್ಕು ಕೊಟ್ಟು, ಮೂಲನಿವಾಸಿಗಳನ್ನೂ ಏಷ್ಯಾದವರನ್ನೂ ಹೊರಗಿಟ್ಟಿತು. ಆಗಲೇ ಪಟ್ಟಿಯಲ್ಲಿದ್ದವರ ಹಕ್ಕು ಉಳಿಯಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತಿತ್ತು. ಅಧಿಕಾರಿಗಳು ಅದನ್ನು ಆದಷ್ಟೂ ಸಂಕುಚಿತವಾಗಿ ಓದಿಕೊಂಡರು. ಊರಿನಲ್ಲಿ ಪೆಟ್ಟಿಗೆ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದ ಸ್ಥಿತಿ ಬಂತು. 1924ರಲ್ಲಿ ಮೆಲ್ಬರ್ನಿನಲ್ಲಿ ನೆಲೆಸಿದ್ದ ಮಿಟ್ಟಾ ಬುಲ್ಲೋಶ್ ಎಂಬ ಭಾರತೀಯರು ಇದೇ ವಿಧಿಯನ್ನು ಹಿಡಿದು ನ್ಯಾಯಾಲಯದಲ್ಲಿ ಗೆದ್ದರು, 1925ರಲ್ಲಿ ಬ್ರಿಟಿಷ್ ಇಂಡಿಯಾದಿಂದ ಹೋಗಿ ನೆಲೆಸಿದವರಿಗೆ ಮತದಾನದ ಹಕ್ಕು ಸಿಕ್ಕಿತು. ಮೂಲನಿವಾಸಿಗಳೆಲ್ಲರಿಗೂ ಒಕ್ಕೂಟದ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಗಲು 1962ರವರೆಗೆ ಕಾಯಬೇಕಾಯಿತು.

ಇವನ್ನೆಲ್ಲ ನೋಡಲು ಬೂತ್‌ಬಿಯವರು ಇರಲಿಲ್ಲ. 1903ರ ಜುಲೈನಲ್ಲಿ, ಹುದ್ದೆಯಲ್ಲಿ ಇರುವಾಗಲೇ ಅವರು ನಿಧನರಾದರು. ಅದೇ ವರ್ಷ ದಕ್ಷಿಣ ಆಸ್ಟ್ರೇಲಿಯಾವನ್ನು ಏಳು ಕ್ಷೇತ್ರಗಳಾಗಿ ವಿಂಗಡಿಸಿದಾಗ, ಒಂದಕ್ಕೆ ಅವರ ಹೆಸರಿಡಲಾಯಿತು. ಅಡಿಲೇಡಿನ ದಕ್ಷಿಣ ಭಾಗದ ಆ ಬೂತ್‌ಬಿ ಕ್ಷೇತ್ರದಿಂದ ಇಂದಿಗೂ ಒಬ್ಬ ಸದಸ್ಯರು ಪಾರ್ಲಿಮೆಂಟಿಗೆ ಆಯ್ಕೆಯಾಗಿ ಹೋಗುತ್ತಾರೆ.