ಗ್ರೇಸ್ ಹಾಪರ್

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1906ರ ಡಿಸೆಂಬರ್ 9ರಂದು ಗ್ರೇಸ್ ಹಾಪರ್ ಜನಿಸಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದು, ವಾಸರ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದರು. ಎರಡನೆಯ ಮಹಾಯುದ್ಧದ ಸಮಯದಲ್ಲಿ, ತೂಕ ಸಾಲದೆಂಬ ಆಕ್ಷೇಪವನ್ನು ದಾಟಿ, ನೌಕಾದಳವನ್ನು ಸೇರಿದರು. 1944ರಲ್ಲಿ ಹಾರ್ವರ್ಡ್‌ನ ಮಾರ್ಕ್ 1 ಎಂಬ ಬೃಹತ್ ಗಣಕಯಂತ್ರ ಅವರ ಪಾಲಿಗೆ ಬಂದಿತು.

ಅಂದಿನ ಗಣಕಗಳಿಗೆ ಪ್ರತಿಯೊಂದು ಆದೇಶವನ್ನೂ ಸಂಕೇತಾಂಕಗಳಲ್ಲಿಯೇ ನೀಡಬೇಕಾಗಿತ್ತು. ಸೈನ್, ಕೊಸೈನ್ ಮುಂತಾದವನ್ನು ಕಂಡುಹಿಡಿಯುವ ಆದೇಶಮಾಲೆಗಳನ್ನು ಗಣಿತಜ್ಞರು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟು, ಬೇಕಾದಾಗಲೆಲ್ಲ ನಕಲು ಮಾಡಿಕೊಳ್ಳುತ್ತಿದ್ದರು. ಹೊಸ ಜಾಗಕ್ಕೆ ಹೊಂದುವಂತೆ ಸ್ಥಾನಸಂಖ್ಯೆಗಳನ್ನು ಕೂಡಿ ತಿದ್ದುತ್ತಿದ್ದರು. ಒಂದಂಕಿ ತಪ್ಪಿದರೂ ಇಡೀ ಲೆಕ್ಕ ಕೆಡುತ್ತಿತ್ತು. ಮಹಾವಿದ್ವಾಂಸರೂ ಕೂಡುವುದರಲ್ಲಿ, ನಕಲಿಸುವುದರಲ್ಲಿ ಎಡವುತ್ತಿದ್ದರು. ಉತ್ತರಪತ್ರಿಕೆಗಳನ್ನು ತಿದ್ದಿದ ಯಾವ ಉಪಾಧ್ಯಾಯರಿಗೂ ಇದು ಸೋಜಿಗವೆನಿಸದು.

ಬೇಸರ ತರುವ ಈ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು? 1949ರಲ್ಲಿ ಯೂನಿವ್ಯಾಕ್ ಗಣಕವನ್ನು ನಿರ್ಮಿಸುತ್ತಿದ್ದ ಸಂಸ್ಥೆಯನ್ನು ಸೇರಿದ ಹಾಪರ್, 1952ರಲ್ಲಿ ಎ-0 ಎಂಬ ವ್ಯವಸ್ಥೆಯನ್ನು ರಚಿಸಿದರು. ಪರೀಕ್ಷಿಸಿದ ಆದೇಶಮಾಲೆಗಳನ್ನು ಕಾಂತೀಯ ಪಟ್ಟಿಯ ಮೇಲೆ ಗ್ರಂಥಾಲಯದಂತೆ ಶೇಖರಿಸಿ, ಒಂದೊಂದಕ್ಕೂ ಒಂದು ಕರೆಸಂಖ್ಯೆಯನ್ನು ಕೊಟ್ಟರು. ಆ ಸಂಖ್ಯೆಯನ್ನು ನಮೂದಿಸಿದರೆ ಸಾಕು. ಯಂತ್ರವೇ ಆದೇಶಮಾಲೆಯನ್ನು ಹುಡುಕಿ ತಂದು, ಸ್ಥಾನಗಳನ್ನು ಸರಿಪಡಿಸಿ, ಹೊಸ ಕ್ರಮವಿಧಿಯೊಳಗೆ ಬೆಸೆಯುತ್ತಿತ್ತು. ಸಂಕಲಿಸುವುದೆಂಬ ಅರ್ಥದಲ್ಲಿ ಅದನ್ನು ಕಂಪೈಲರ್ ಎಂದು ಕರೆದರು.

ಗಣಕವು ಲೆಕ್ಕ ಮಾಡೀತೇ ಹೊರತು ಕ್ರಮವಿಧಿಯನ್ನು ಬರೆಯಲಾರದೆಂದು ಹಲವರು ಅದನ್ನು ತಳ್ಳಿಹಾಕಿದರು. ಹಾಪರ್ ಹಿಂಜರಿಯಲಿಲ್ಲ. ಇಂಗ್ಲಿಷ್ ಪದಗಳಲ್ಲಿಯೇ ಆದೇಶ ನೀಡಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ರೂಪಿಸಿದರು; 1959ರಲ್ಲಿ ಆರಂಭವಾದ ಕೊಬಾಲ್ ಭಾಷೆಗೆ ಅದೇ ಮುಖ್ಯ ಆಧಾರವಾಯಿತು. ಇಂದು ಗಣಕದ ಮೂಲವ್ಯವಸ್ಥೆಯೊಡನೆಯೇ ಇಂತಹ ಗ್ರಂಥಾಲಯಗಳು ಬರುತ್ತವೆ; ಹೊಸ ಕ್ರಮವಿಧಿಗಳು ಅವನ್ನು ಹೆಸರಿನಿಂದ ಕರೆದು ಬಳಸಿಕೊಳ್ಳುತ್ತವೆ.

1986ರಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಪದವಿಯಲ್ಲಿ ನಿವೃತ್ತರಾದ ಹಾಪರ್ 1992ರ ಜನವರಿ 1ರಂದು ನಿಧನರಾದರು.