ಧಾರವಾಡದಲ್ಲಿ ಹುಟ್ಟಿದ ಬಾಲಿವುಡ್ ಅಮ್ಮ

‘ಮೂವತ್ತು ದಾಟಿತು, ಮಕ್ಕಳೂ ಆದ್ವು, ಇನ್ನು ನಮಗ್ಯಾರು ಕೆಲಸ ಕೊಡ್ತಾರೆ?’ ನಮ್ಮ ಚಂದಾಪುರದಲ್ಲಿ ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ನಿಂತ ಗೆಳತಿಯರ ಬಾಯಲ್ಲಿ ಈ ಮಾತು ಆಗಾಗ ಕೇಳ್ತೀನಿ. ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಕಂಪನಿ ಬಸ್ಸುಗಳು ಕಣ್ಣೆದುರೇ ಹೋಗ್ತಿರುತ್ತವೆ. ಡಿಗ್ರಿ ಸರ್ಟಿಫಿಕೇಟ್ ಮಾತ್ರ ಬೀರುವಿನಲ್ಲಿ, ರೇಷ್ಮೆ ಸೀರೆಯ ಕೆಳಗೆ! (ನನ್ನ ಬಿ.ಎ. ಕೂಡ ಬಹಳ ದಿನ ಅಲ್ಲೇ ಇತ್ತು ಬಿಡಿ.) ನೀವೂ ಹೀಗೇ ಯೋಚಿಸ್ತಿದ್ದರೆ ಲೀಲಾ ಚಿಟ್ನಿಸ್ ಕಥೆ ಸ್ವಲ್ಪ ಕೇಳಿ.

ಹೆಸರು ನೆನಪಾಗಲಿಲ್ಲವೇ? ಹಳೇ ಹಿಂದಿ ಸಿನಿಮಾ ನೋಡಿದವರಿಗೆ ಮುಖ ಖಂಡಿತ ಗೊತ್ತು. ‘ಆವಾರಾ’ದಲ್ಲಿ ರಾಜ್ ಕಪೂರ್ ತಾಯಿ, ‘ಗೈಡ್’ನಲ್ಲಿ ದೇವಾನಂದ್ ತಾಯಿ. ಆ ಅಮ್ಮ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1909ರಲ್ಲಿ. ಮನೆಮಾತು ಮರಾಠಿ, ತಂದೆ ಇಂಗ್ಲಿಷ್ ಮೇಷ್ಟ್ರು. ಆಗ ಧಾರವಾಡ ಮುಂಬೈ ಪ್ರಾಂತ್ಯಕ್ಕೇ ಸೇರಿತ್ತು.

ಹದಿನೈದು-ಹದಿನಾರರ ವಯಸ್ಸಿಗೇ ಮದುವೆ. ಗಂಡ ಡಾ. ಚಿಟ್ನಿಸ್, ವಯಸ್ಸಿನಲ್ಲಿ ದೊಡ್ಡವರು. ಸ್ವಾತಂತ್ರ್ಯ ಹೋರಾಟದ ಆ ದಿನಗಳಲ್ಲಿ ದಂಪತಿ ಪೊಲೀಸರಿಗೆ ಹೆದರದೆ ಎಂ.ಎನ್. ರಾಯ್ ಅವರನ್ನು ಮನೆಯಲ್ಲಿ ಬಚ್ಚಿಟ್ಟಿದ್ದರಂತೆ. ಆದರೆ ಸಂಸಾರ ನಿಲ್ಲಲಿಲ್ಲ. ಇಬ್ಬರೂ ಬೇರೆಯಾದರು. ನಾಲ್ಕು ಮಕ್ಕಳ ಜವಾಬ್ದಾರಿ ಹೆಗಲ ಮೇಲೆ! ಲೀಲಾ ಶಾಲೆಯಲ್ಲಿ ಪಾಠ ಹೇಳಿದರು, ಮರಾಠಿ ನಾಟಕದಲ್ಲಿ ಬಣ್ಣ ಹಚ್ಚಿದರು, ಸಿನಿಮಾದಲ್ಲಿ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಆಗಿಯೂ ದುಡಿದರು. ಮರ್ಯಾದಸ್ಥರ ಮನೆ ಹೆಣ್ಣುಮಕ್ಕಳು ಸಿನಿಮಾಗೆ ಹೋಗೋದುಂಟೇ ಅನ್ನುತ್ತಿದ್ದ ಕಾಲ ಅದು. 1937ರ ‘ಜೆಂಟಲ್‌ಮನ್ ಡಾಕೂ’ದಲ್ಲಿ ಗಂಡುವೇಷದ ಕಳ್ಳಿಯಾದಾಗ, ಪದವೀಧರೆ ಅನ್ನೋದನ್ನೇ ಜಾಹೀರಾತಿನಲ್ಲಿ ದೊಡ್ಡದು ಮಾಡಿದ್ದರು. ಬೀರುವಿನಲ್ಲಿದ್ದ ಡಿಗ್ರಿ ಉಪಯೋಗಕ್ಕೆ ಬಂತು ನೋಡಿ!

1939ರಲ್ಲಿ ಬಾಂಬೆ ಟಾಕೀಸಿನ ‘ಕಂಗನ್’. ಅಶೋಕ್ ಕುಮಾರ್‌ಗೆ ಜೋಡಿ. ನಾಲ್ಕು ಮಕ್ಕಳ ತಾಯಿ, ಮೂವತ್ತರ ಅಂಚಿನಲ್ಲಿ, ಪ್ರೇಮಕಥೆಯ ನಾಯಕಿ! ಚಿತ್ರ ಗೆದ್ದಿತು. ‘ಬಂಧನ್’, ‘ಝೂಲಾ’ ಬಂದವು. ಕಣ್ಣಲ್ಲೇ ಮಾತಾಡುವುದನ್ನು ಅವರಿಂದ ಕಲಿತೆ ಎಂದು ಅಶೋಕ್ ಕುಮಾರ್ ಒಪ್ಪಿಕೊಂಡಿದ್ದರು. ಅಲ್ಲಿಯವರೆಗೆ ಹಾಲಿವುಡ್ ತಾರೆಯರೇ ಮಿಂಚುತ್ತಿದ್ದ ಲಕ್ಸ್ ಸೋಪಿನ ಜಾಹೀರಾತಿನಲ್ಲಿ 1941ರಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಇವರೇ.

ಆಮೇಲಿನದು ನನಗೆ ಸಿಟ್ಟು ಬರಿಸುವ ಭಾಗ. 1948ರ ‘ಶಹೀದ್’ ಹೊತ್ತಿಗೆ ಲೀಲಾಗೆ ಇನ್ನೂ ನಲವತ್ತು ಆಗಿರಲಿಲ್ಲ, ದಿಲೀಪ್ ಕುಮಾರ್‌ಗೆ ತಾಯಿ! ಅವರಿಗಿಂತ ಎರಡು ವರ್ಷಕ್ಕಷ್ಟೇ ಚಿಕ್ಕವರಾದ ಅಶೋಕ್ ಕುಮಾರ್ ಮಾತ್ರ ಮರುವರ್ಷದ ‘ಮಹಲ್’ನಲ್ಲಿ ಮಧುಬಾಲಾ ಜೊತೆ ಹೀರೋ. ಇದ್ಯಾವ ನ್ಯಾಯ, ಹೇಳಿ? ಲೀಲಾ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಆ ಅಮ್ಮನ ಪಾತ್ರವನ್ನೇ ದಶಕಗಟ್ಟಲೆ ತಮ್ಮದು ಮಾಡಿಕೊಂಡರು. ನಡುವೆ 1955ರಲ್ಲಿ ‘ಆಜ್ ಕಿ ಬಾತ್’ ಅನ್ನೋ ಚಿತ್ರವನ್ನೂ ನಿರ್ದೇಶಿಸಿದರು. ಮರಾಠಿಯಲ್ಲಿ ಆತ್ಮಕಥೆ ಬರೆದರು.

ಎಂಬತ್ತರ ದಶಕದಲ್ಲಿ ಸಿನಿಮಾ ಬಿಟ್ಟು ಅಮೆರಿಕದಲ್ಲಿದ್ದ ಮಕ್ಕಳ ಬಳಿ ಹೋದರು. 2003ರಲ್ಲಿ ಅಲ್ಲೇ, ಡ್ಯಾನ್‌ಬರಿಯ ನರ್ಸಿಂಗ್ ಹೋಮ್ ಒಂದರಲ್ಲಿ ತೀರಿಕೊಂಡಾಗ ಅವರಿಗೆ 93.

ಟೀವಿಯಲ್ಲಿ ‘ಗೈಡ್’ ಮತ್ತೆ ಬಂದರೆ, ಹಾಡು ಮುಗೀತು ಅಂತ ಅಡುಗೆಮನೆಗೆ ಎದ್ದು ಹೋಗಬೇಡಿ. ಅಮ್ಮ ಬರುವ ದೃಶ್ಯಗಳಿಗೂ ಸ್ವಲ್ಪ ಹೊತ್ತು ಕೂತುಕೊಳ್ಳಿ.