ನಾದಸಾಧಕ ಪಾಬ್ಲೊ ಕಸಾಲ್ಸ್

ಸಂಗೀತಗಾರನಿಗೆ ಎರಡು ಸಿದ್ಧಿಗಳು ಅವಶ್ಯಕ. ಒಂದು ಕೈಯ ಸಿದ್ಧಿ, ಇನ್ನೊಂದು ಭಾವದ ಸಿದ್ಧಿ. ಶ್ರುತಿ ತಪ್ಪದೆ, ಲಯ ಕೆಡದೆ ನುಡಿಸಬಲ್ಲವನ ವಾದನವೂ ಕೆಲವೊಮ್ಮೆ ಕೇಳುಗರ ಹೃದಯವನ್ನು ಮುಟ್ಟುವುದಿಲ್ಲ. ಹೃದಯದ ತುಂಬ ಭಾವವಿದ್ದರೂ ಕೈ ಪಳಗದಿದ್ದರೆ ವಾದನ ತಡವರಿಸುತ್ತದೆ. ಇವೆರಡರಲ್ಲಿ ಯಾವುದು ಹಿರಿದು ಎಂಬ ಚರ್ಚೆ ಬಹು ಹಳೆಯದು. ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ನೀಡಿದವರು ಸ್ಪೇನ್ ದೇಶದ ಚೆಲೊ ವಾದಕ ಪಾಬ್ಲೊ ಕಸಾಲ್ಸ್.

ಚೆಲೊ ಪಿಟೀಲಿನ ಜಾತಿಗೆ ಸೇರಿದ ವಾದ್ಯ. ಗಾತ್ರದಲ್ಲಿ ಮಾತ್ರ ಅದಕ್ಕಿಂತ ಬಹಳ ದೊಡ್ಡದು. ವಾದಕನು ಕುರ್ಚಿಯ ಮೇಲೆ ಕುಳಿತು, ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ನಾಲ್ಕು ತಂತಿಗಳ ಮೇಲೆ ಕಮಾನನ್ನು ಎಳೆಯುತ್ತ ನುಡಿಸುತ್ತಾನೆ. ವೀಣೆಗಿರುವಂತೆ ಇದಕ್ಕೆ ಮೆಟ್ಟುಗಳಿಲ್ಲ. ಸ್ವರದ ಸ್ಥಾನವನ್ನು ಬೆರಳೇ ಅರಿತುಕೊಳ್ಳಬೇಕು. ಬೆರಳು ತುಸು ಜರುಗಿದರೂ ಸ್ವರ ಕೆಡುತ್ತದೆ. ಮನುಷ್ಯನ ಕಂಠಕ್ಕೆ ಹತ್ತಿರವಾದ ಗಂಭೀರ ನಾದ ಈ ವಾದ್ಯದ ವೈಶಿಷ್ಟ್ಯ.

ಕಸಾಲ್ಸ್ ಅವರು 1876ನೆಯ ಇಸವಿ ಡಿಸೆಂಬರ್ 29ರಂದು ಸ್ಪೇನಿನ ಕ್ಯಾಟಲೋನಿಯ ಪ್ರಾಂತದ ಎಲ್ ವೆಂಡ್ರೆಲ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಕಾರ್ಲೆಸ್ ಕಸಾಲ್ಸ್ ಊರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಬಡ ಸಂಗೀತಗಾರರು. ತಾಯಿ ಪಿಲಾರ್ ಡೆಫಿಯೊ ಪೋರ್ಟೊರಿಕೊ ದ್ವೀಪದಲ್ಲಿ ಹುಟ್ಟಿದವರು. ಬಾಲಕನು ತಂದೆಯಿಂದಲೇ ಪಿಯಾನೊ, ಪಿಟೀಲು ಮತ್ತು ಆರ್ಗನ್‌ಗಳನ್ನು ಕಲಿತನು. ಒಣಗಿದ ಸೋರೆಬುರುಡೆಗೆ ತಂತಿ ಕಟ್ಟಿ ಮಾಡಿದ ವಾದ್ಯವೊಂದು ಅವನ ಬಾಲ್ಯದ ಸಂಗಾತಿಯಾಗಿತ್ತು. 1888ರಲ್ಲಿ ಜೋಸೆಪ್ ಗಾರ್ಸಿಯ ಎಂಬ ಕಲಾವಿದರು ಆ ಊರಿಗೆ ಬಂದು ಚೆಲೊ ನುಡಿಸಿದಾಗ ಹನ್ನೊಂದು ವರ್ಷದ ಹುಡುಗನು ಆ ನಾದಕ್ಕೆ ಮಾರುಹೋದನು. ಸಂಗೀತದಿಂದ ಹೊಟ್ಟೆ ತುಂಬದೆಂದು ಅನುಭವದಿಂದ ಬಲ್ಲ ತಂದೆಗೆ ಮಗನನ್ನು ಬಡಗಿ ಕೆಲಸಕ್ಕೆ ಹಾಕುವ ಯೋಚನೆಯಿತ್ತು. ಆದರೆ ತಾಯಿ ಅದಕ್ಕೆ ಒಪ್ಪಲಿಲ್ಲ. ಆಕೆ ಮಗನನ್ನು ಬಾರ್ಸಿಲೋನ ನಗರಕ್ಕೆ ಕರೆದೊಯ್ದು ಸಂಗೀತಶಾಲೆಗೆ ಸೇರಿಸಿದರು. ಅಲ್ಲಿ ಗಾರ್ಸಿಯ ಅವರೇ ಅವನಿಗೆ ಗುರುಗಳಾದರು.

ಆ ಕಾಲದಲ್ಲಿ ಚೆಲೊ ಕಲಿಯುವವರು ಬಲಗಂಕುಳಲ್ಲಿ ಒಂದು ಪುಸ್ತಕವನ್ನು ಇರುಕಿಕೊಂಡು ಅಭ್ಯಾಸ ಮಾಡುವ ಪದ್ಧತಿಯಿತ್ತು. ತೋಳು ಅತ್ತಿತ್ತ ಚಲಿಸಬಾರದೆಂಬುದು ಅದರ ಉದ್ದೇಶ. ಎಡಗೈ ಬೆರಳುಗಳನ್ನೂ ಒತ್ತಾಗಿ ಇರಿಸಿಕೊಳ್ಳಬೇಕಾಗಿತ್ತು. ಹಾಗಾಗಿ ದೂರದ ಸ್ವರ ಬಂದಾಗಲೆಲ್ಲ ಇಡೀ ಕೈ ತಂತಿಯ ಮೇಲೆ ಜಾರಬೇಕಾಗುತ್ತಿತ್ತು. ಈ ಜಾರುವಿಕೆಯಿಂದ ಸ್ವರಗಳ ನಡುವೆ ಅನಗತ್ಯವಾದ ಎಳೆತ ಕೇಳಿಬರುತ್ತಿತ್ತು. ಬಾಲಕ ಕಸಾಲ್ಸ್‌ಗೆ ಇದು ಸರಿಕಾಣಲಿಲ್ಲ. ಅವನು ತೋಳನ್ನು ಬಂಧನದಿಂದ ಬಿಡಿಸಿದನು. ಬೆರಳುಗಳನ್ನು ಅಗಲಿಸಿ, ಕೈಯನ್ನು ಜಾರಿಸದೆಯೇ ದೂರದ ಸ್ವರವನ್ನು ಮುಟ್ಟುವ ಕ್ರಮವನ್ನು ರೂಢಿಸಿಕೊಂಡನು. ಮೊದಲು ಬೆರಗಾದ ಗುರುಗಳು ಬಳಿಕ ಅದನ್ನು ಒಪ್ಪಿಕೊಂಡರು. ಶಿಸ್ತನ್ನು ಸಡಿಲಿಸುವುದು ಹುಡುಗನ ಉದ್ದೇಶವಾಗಿರಲಿಲ್ಲ. ಸ್ವರ ಇನ್ನಷ್ಟು ಶುದ್ಧವಾಗಬೇಕು, ಅದರ ಜೊತೆಗೆ ಭಾವವೂ ತಡೆಯಿಲ್ಲದೆ ಹರಿಯಬೇಕು ಎಂಬುದೇ ಅವನ ಹಂಬಲವಾಗಿತ್ತು.

1890ರಲ್ಲಿ ಅವರ ಬಾಳಿನ ದಿಕ್ಕನ್ನು ನಿರ್ಧರಿಸಿದ ಒಂದು ಘಟನೆ ನಡೆಯಿತು. ಬಾರ್ಸಿಲೋನದ ಬಂದರಿನ ಸಮೀಪ ಹಳೆಯ ಸಂಗೀತ ಪುಸ್ತಕಗಳ ಅಂಗಡಿಯೊಂದರಲ್ಲಿ, ಒಂಟಿ ಚೆಲೊವಿಗಾಗಿ ಜರ್ಮನಿಯ ಬಾಖ್ ರಚಿಸಿದ ಆರು ಸೂಟ್‌ಗಳ ಪ್ರತಿ ಅವರ ಕೈಗೆ ಸಿಕ್ಕಿತು. ಸೂಟ್ ಎಂದರೆ ಒಂದು ಪೀಠಿಕೆಯ ಹಿಂದೆ ಹಲವು ನೃತ್ಯಲಯಗಳ ರಚನೆಗಳನ್ನು ಪೋಣಿಸಿದ ಕೃತಿಮಾಲೆ. ಸುಮಾರು 1720ರ ಕಾಲಕ್ಕೆ ಸೇರಿದ ಈ ಕೃತಿಗಳನ್ನು ಅಂದಿನ ವಾದಕರು ಬೆರಳು ಪಳಗಿಸುವ ಪಾಠಗಳೆಂದೇ ಎಣಿಸಿದ್ದರು. ಇವುಗಳಲ್ಲಿ ಪಕ್ಕವಾದ್ಯದ ಆಸರೆಯಿಲ್ಲ. ಸಣ್ಣ ತಪ್ಪೂ ಮರೆಯಾಗುವುದಿಲ್ಲ. ಬಾಖ್‌ನ ಕೈಬರಹದ ಮೂಲಪ್ರತಿ ಉಳಿದಿಲ್ಲ. ಆತನ ಪತ್ನಿ ನಕಲು ಮಾಡಿದ ಪ್ರತಿಯಲ್ಲಿ ಎಲ್ಲಿ ಮೆಲ್ಲಗೆ, ಎಲ್ಲಿ ಗಟ್ಟಿಯಾಗಿ ನುಡಿಸಬೇಕೆಂಬ ಸೂಚನೆಗಳು ತೀರ ವಿರಳ. ಬರೆದ ಸ್ವರಗಳ ಒಳಗಿನ ಭಾವವನ್ನು ವಾದಕನೇ ಕಂಡುಕೊಳ್ಳಬೇಕು.

ಹದಿಮೂರರ ಬಾಲಕನು ಅಂದಿನಿಂದಲೇ ಆ ಕೃತಿಗಳ ಅಭ್ಯಾಸಕ್ಕೆ ತೊಡಗಿದನು. ಸುಮಾರು ಹನ್ನೆರಡು ವರ್ಷಗಳ ಸಾಧನೆಯಾಗುವವರೆಗೂ ಅವರು ಅವುಗಳಲ್ಲಿ ಒಂದನ್ನೂ ಸಭೆಯಲ್ಲಿ ನುಡಿಸಲಿಲ್ಲ. ನುಡಿಸಿದಾಗ, ಒಂದೆರಡು ತುಣುಕುಗಳನ್ನು ಆಯದೆ ಇಡೀ ಸೂಟ್ ಒಂದನ್ನು ಕೇಳಿಸಿದರು. ಒಣ ಪಾಠಗಳೆಂದು ಜನ ತಿಳಿದಿದ್ದ ಕೃತಿಗಳಲ್ಲಿ ಹಾಡು, ಕುಣಿತ, ಪ್ರಾರ್ಥನೆಗಳೆಲ್ಲವೂ ಅಡಗಿವೆಯೆಂದು ಲೋಕಕ್ಕೆ ಆಗ ತಿಳಿಯಿತು.

1899ರಲ್ಲಿ ಪ್ಯಾರಿಸ್ ನಗರದಲ್ಲಿ ಲಾಮೊರೊ ವಾದ್ಯವೃಂದದೊಡನೆ ನುಡಿಸಿದ ಮೇಲೆ ಅವರ ಕೀರ್ತಿ ಎಲ್ಲೆಡೆ ಹರಡಿತು. ಅದೇ ವರ್ಷ ಇಂಗ್ಲೆಂಡಿನ ವಿಕ್ಟೋರಿಯ ರಾಣಿಯ ಎದುರಿನಲ್ಲಿಯೂ ಅವರು ನುಡಿಸಿದರು. ಆದರೆ ಸಭೆಯ ಅಂಜಿಕೆ ಮಾತ್ರ ಅವರನ್ನು ಬಾಳಿನುದ್ದಕ್ಕೂ ಕಾಡಿತು. 1901ರಲ್ಲಿ ಅಮೆರಿಕದ ಟಮಲ್‌ಪೈಸ್ ಬೆಟ್ಟದಲ್ಲಿ ಬಂಡೆಯೊಂದು ಉರುಳಿ ಅವರ ಎಡಗೈ ಜಜ್ಜಿಹೋಯಿತು. ಇನ್ನು ಚೆಲೊ ನುಡಿಸುವ ಹೊರೆ ತಪ್ಪಿತೆಂಬ ನೆಮ್ಮದಿಯೇ ಆ ಕ್ಷಣದಲ್ಲಿ ತಮಗೆ ಮೊದಲು ಮೂಡಿತೆಂದು ಅವರು ಮುಂದೆ ನೆನೆದಿದ್ದಾರೆ. ನಿರ್ದೋಷವಾಗಿ ನುಡಿಸಬೇಕೆಂಬ ಛಲ ಕಲಾವಿದನ ಮೇಲೆ ಎಷ್ಟು ಭಾರವನ್ನು ಹೇರಬಲ್ಲುದೆಂಬುದಕ್ಕೆ ಇದೇ ಸಾಕ್ಷಿ. ಕೈ ಗುಣವಾಯಿತು. ಅವರು ಆ ಭಾರವನ್ನು ಮತ್ತೆ ಹೊತ್ತುಕೊಂಡರು.

ಕಸಾಲ್ಸ್ ಅವರಿಗೆ ಶ್ರುತಿಶುದ್ಧಿಯೆಂಬುದು ಬರಿಯ ಅಳತೆಯ ಮಾತಾಗಿರಲಿಲ್ಲ. ಪಿಯಾನೊದಲ್ಲಿ ಪ್ರತಿ ಸ್ವರದ ಸ್ಥಾನವೂ ಮೊದಲೇ ಗೊತ್ತಾಗಿರುತ್ತದೆ. ಚೆಲೊ ಹಾಗಲ್ಲ. ನಿಷಾದದಿಂದ ಮೇಲಿನ ಷಡ್ಜಕ್ಕೆ ಏರುವಾಗ ನಿಷಾದವನ್ನು ಷಡ್ಜದ ಕಡೆಗೆ ತುಸು ಸರಿಸಿ ನುಡಿಸಬೇಕೆಂದು ಅವರು ಶಿಷ್ಯರಿಗೆ ಬೋಧಿಸುತ್ತಿದ್ದರು. ಆಗ ಒಂದು ಸ್ವರ ಮುಂದಿನ ಸ್ವರಕ್ಕಾಗಿ ಹಂಬಲಿಸುವಂತೆ ಕೇಳಿಸುತ್ತದೆ. ಒಂದೇ ಸ್ವರ ಮರಳಿ ಮರಳಿ ಬಂದರೂ ಅದನ್ನು ಒಂದೇ ಬಗೆಯಾಗಿ ನುಡಿಸಬಾರದು, ಮಾತಿನಲ್ಲಿರುವಂತೆ ಅದರಲ್ಲಿಯೂ ಏರಿಳಿತವಿರಬೇಕು ಎಂಬುದು ಅವರ ಇನ್ನೊಂದು ಬೋಧೆ. ಹೀಗೆ ಭಾವವೇ ನಿಖರತೆಯನ್ನು ಬೇಡಿತು. ನಿಖರತೆ ಭಾವಕ್ಕೆ ದಾರಿಯಾಯಿತು.

1936ರಿಂದ 1939ರವರೆಗೆ ಲಂಡನ್ ಮತ್ತು ಪ್ಯಾರಿಸ್ ನಗರಗಳಲ್ಲಿ ಅವರು ಆರೂ ಸೂಟ್‌ಗಳನ್ನು ಧ್ವನಿಮುದ್ರಣಕ್ಕಾಗಿ ನುಡಿಸಿದರು. ಆಗಿನ ತಟ್ಟೆಗಳ ಒಂದೊಂದು ಮಗ್ಗುಲಿಗೆ ಸುಮಾರು ನಾಲ್ಕು ನಿಮಿಷಗಳ ಸಂಗೀತ ಹಿಡಿಯುತ್ತಿತ್ತು. ತಪ್ಪಿದ ಸ್ವರವೊಂದನ್ನು ತೆಗೆದು ಸರಿಯಾದುದನ್ನು ಸೇರಿಸುವ ಉಪಾಯವಿರಲಿಲ್ಲ. ಆ ಮುದ್ರಣಗಳಲ್ಲಿ ಅಲ್ಲಲ್ಲಿ ಕಮಾನಿನ ಒರಟು ಸದ್ದು ಕೇಳುತ್ತದೆ. ಅವರ ನಂತರದ ಎಷ್ಟೋ ವಾದಕರು ಅದೇ ಕೃತಿಗಳನ್ನು ಇನ್ನಷ್ಟು ನಯವಾಗಿ ನುಡಿಸಿದ್ದಾರೆ. ಹೀಗಿದ್ದರೂ ಚೆಲೊ ಕಲಿಯುವವರು ಇಂದಿಗೂ ಅವನ್ನು ಹುಡುಕಿ ಕೇಳುತ್ತಾರೆ. ಸ್ವರದ ಹಿಂದೆ ಒಬ್ಬ ಮನುಷ್ಯನ ಉಸಿರು ಅಲ್ಲಿ ಕೇಳಿಸುತ್ತದೆ.

ಆ ವರ್ಷಗಳಲ್ಲಿಯೇ ಸ್ಪೇನ್ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. 1920ರಲ್ಲಿ ಬಾರ್ಸಿಲೋನದಲ್ಲಿ ತಾವು ಕಟ್ಟಿದ್ದ ವಾದ್ಯವೃಂದವನ್ನೂ ಹುಟ್ಟಿದ ನೆಲವನ್ನೂ ಕಸಾಲ್ಸ್ ತೊರೆಯಬೇಕಾಯಿತು. 1939ರಲ್ಲಿ ಸರ್ವಾಧಿಕಾರಿ ಫ್ರಾಂಕೊ ಗೆದ್ದಾಗ ಅವರು ಫ್ರಾನ್ಸಿನ ಗಡಿಯ ಪ್ರಾಡ್ ಎಂಬ ಸಣ್ಣ ಊರಿನಲ್ಲಿ ನೆಲಸಿ, ನಿರಾಶ್ರಿತರಾದ ತಮ್ಮ ನಾಡವರ ಸೇವೆಯಲ್ಲಿ ತೊಡಗಿದರು. ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದರೂ ಗೆದ್ದ ರಾಷ್ಟ್ರಗಳು ಫ್ರಾಂಕೊನ ಆಳ್ವಿಕೆಯನ್ನು ಸಹಿಸಿಕೊಂಡವು. ಇದರಿಂದ ನೊಂದ ಕಸಾಲ್ಸ್ ಸಾರ್ವಜನಿಕ ಕಛೇರಿಗಳನ್ನೇ ನಿಲ್ಲಿಸಿದರು. ಅವರ ಬೆರಳುಗಳಲ್ಲಿ ಶಕ್ತಿ ಕುಂದಿರಲಿಲ್ಲ. ಹಣವೂ ಮನ್ನಣೆಯೂ ಕರೆಯುತ್ತಿದ್ದವು. ಆದರೆ ಮನಸ್ಸು ಒಪ್ಪದ ಕಡೆ ಕೈಯಿಂದ ಮಾತ್ರ ನುಡಿಸುವುದು ಅವರಿಗೆ ಸಾಧ್ಯವಾಗಲಿಲ್ಲ. ಅವರ ಮೌನವೂ ಒಂದು ಅಭಿವ್ಯಕ್ತಿಯಾಯಿತು.

ಬಾಖ್ ಮರಣಿಸಿ ಇನ್ನೂರು ವರ್ಷಗಳು ತುಂಬಿದ 1950ರಲ್ಲಿ, ನಾನಾ ದೇಶಗಳ ಸಂಗೀತಗಾರರು ಪ್ರಾಡ್‌ಗೇ ಬಂದು ಸೇರಿದರು. ಲೋಕದ ಬಳಿಗೆ ಹೋಗಲೊಲ್ಲದ ಕಲಾವಿದರ ಬಳಿಗೆ ಲೋಕವೇ ಬಂದಿತು. ಆ ಊರಿನ ಇಗರ್ಜಿಯಲ್ಲಿ ಎಪ್ಪತ್ತಮೂರರ ಹಿರಿಯರು ಮತ್ತೆ ಕಮಾನನ್ನು ಹಿಡಿದರು. ಬಳಿಕ ಅವರು ತಾಯಿಯ ತವರಾದ ಪೋರ್ಟೊರಿಕೊದಲ್ಲಿ ನೆಲಸಿದರು. 1971ರಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ, ತೊಂಬತ್ತನಾಲ್ಕರ ವಯಸ್ಸಿನಲ್ಲಿ, ಕ್ಯಾಟಲೋನಿಯದ ಜನಪದ ಗೀತೆಯಾದ ‘ಹಕ್ಕಿಗಳ ಹಾಡ’ನ್ನು ಅವರು ನುಡಿಸಿದರು. ಅದು ಅಲಂಕಾರವಿಲ್ಲದ ಸರಳವಾದ ರಾಗ. ಕೈಚಳಕದ ಪ್ರದರ್ಶನಕ್ಕೆ ಅದರಲ್ಲಿ ಎಡೆಯಿಲ್ಲ.

1973ನೆಯ ಇಸವಿ ಅಕ್ಟೋಬರ್ 22ರಂದು ಕಸಾಲ್ಸ್ ನಿಧನರಾದರು. ಫ್ರಾಂಕೊನ ಆಳ್ವಿಕೆ ಕೊನೆಗೊಂಡ ಬಳಿಕ, 1979ರಲ್ಲಿ, ಅವರ ಪಾರ್ಥಿವ ಶರೀರವನ್ನು ಹುಟ್ಟೂರಿಗೆ ತಂದು ಸಮಾಧಿ ಮಾಡಲಾಯಿತು. ಇಳಿವಯಸ್ಸಿನಲ್ಲಿಯೂ ಅವರು ದಿನನಿತ್ಯದ ಅಭ್ಯಾಸವನ್ನು ಬಿಟ್ಟಿರಲಿಲ್ಲ. ಕೈಯ ಶಿಸ್ತು ಮತ್ತು ಹೃದಯದ ಸತ್ಯ ಒಂದಾದಾಗ ಕಲೆ ಎಂಥ ಎತ್ತರವನ್ನು ಮುಟ್ಟಬಲ್ಲುದೆಂಬುದನ್ನು ಅವರ ಜೀವನ ತೋರಿಸಿಕೊಟ್ಟಿದೆ.